ಒಂದು ದಶಾಂಶ ಒಂಬತ್ತು ಎಂಟು

ತೋಳು ಚಾಚಿದರು ವಕ್ಕಾಸ್ ಉಸ್ತಾ.
ಮೊಣಕೈಯ ಮಡಿಕೆಯಲ್ಲೂ ಹಿಟ್ಟು.
ಸ್ಪಿರಿಟ್ಟಿನ ಹತ್ತಿ ಒತ್ತಿದರೆ ಅದು ಕಣಕವಾಯಿತು,
ಇನ್ನೊಂದು ಹತ್ತಿ ತೆಗೆದೆ.

"ಒಂದು ತೊಟ್ಟು ಮುಟ್ಟಿದವನಲ್ಲ ಮಗಳೇ,
ಗಾಜಿಆಂತೆಪಿನ ಯಾವ ಮಸೀದಿಯಲ್ಲಾದರೂ ಕೇಳು."
ಕೇಳಬೇಕಿಲ್ಲ ಉಸ್ತಾ, ಇದು ಕುಡಿದು ಬಂದದ್ದಲ್ಲ.
ಪಾಕದ ಎಳೆ ನೋಡಲೆಂದು
ನಲವತ್ತು ವರ್ಷ ನಾಲಗೆಗೆ ಹಚ್ಚಿದ ಬೆರಳು,
ಒಲೆಯ ಮುಂದೆ ನಿಂತೇ ಮುಗಿಸಿದ ಊಟ,
ಅಪ್ಪನಿಂದ ಬಂದ ಸಕ್ಕರೆ ಕಾಯಿಲೆ.
ನೀವು ಬಕ್ಲಾವಾದ ಹಾಳೆಗೆ ಸವರುವ ಹಾಗೆ
ಯಾರೋ ಒಳಗೆ ತುಪ್ಪ ಸವರಿದ್ದಾರೆ, ಪದರ ಬಿಡದೆ.

ನಮ್ಮೂರಿಗೆ ಬೆಳಗಾಗುವುದೇ ಈಲಿ ಸುಡುವ ಹೊಗೆಯಲ್ಲಿ.
ಕೂಸನ್ನು ಕರೆಯುವುದೂ ಹಾಗೆಯೇ:
ಜಿಯೆರಿಮ್, ನನ್ನ ಈಲಿಯೇ.
ಬೇರೆಯವರಿಗೆ ಕರುಳು ಚುರ್ ಎನ್ನುವಲ್ಲಿ
ನಮಗೆ ಈಲಿ ಉರಿಯುತ್ತದೆ.
ಮಾತಿನಲ್ಲಿ ಮಾತ್ರ.
ನಿಜವಾದದ್ದು ಕೆಡುವಾಗ ಒಂದು ಸೊಲ್ಲೂ ಎತ್ತುವುದಿಲ್ಲ.

ನೇರಳೆ ಮುಚ್ಚಳ, ಹಳದಿ ಮುಚ್ಚಳ.
ಯಂತ್ರ ಗಿರ್ರೆಂದು ನಿಂತ ಮೇಲೆ ಲೆಕ್ಕ ನನ್ನದು.
ವಯಸ್ಸು ಐವತ್ತೆಂಟು, ಎಎಸ್‌ಟಿ ಐವತ್ತೆರಡು, ಗುಣಿಸು.
ಎಎಲ್‌ಟಿ ಅರವತ್ನಾಲ್ಕರ ವರ್ಗಮೂಲ ಎಂಟು,
ಪ್ಲೇಟ್‌ಲೆಟ್ ನೂರ ತೊಂಬತ್ತು, ಗುಣಿಸು.
ಅದರಿಂದ ಇದನ್ನು ಭಾಗಿಸು.
ಏಳನೇ ತರಗತಿಯ ಹುಡುಗಿ ಮಾಡುವ ಲೆಕ್ಕ.
ಆದರೆ ಭಾಗಾಕಾರದ ಮೇಲ್ಮನೆಯಲ್ಲಿ
ವಯಸ್ಸನ್ನು ಕೂರಿಸಿದವರು ಯಾರೋ:
ಏನೂ ಕೆಡದಿದ್ದರೂ, ಬದುಕಿದ್ದಕ್ಕೇ ಅಂಕ ಏರುತ್ತದೆ.

ಒಂದು ದಶಾಂಶ ಒಂಬತ್ತು ಎಂಟು.

ಒಂದು ದಶಾಂಶ ಮೂರರ ಕೆಳಗಿದ್ದರೆ
ಹೋಗಿ ಬನ್ನಿ, ನಡೆದಾಡಿ, ಎನ್ನುತ್ತಿದ್ದೆ.
ಎರಡು ದಶಾಂಶ ಆರು ಏಳು ದಾಟಿದ್ದರೆ
ದೊಡ್ಡ ಆಸ್ಪತ್ರೆಯ ಚೀಟಿ.
ಇದು ಅಡ್ಡಗೋಡೆಯ ಮೇಲಿಟ್ಟ ದೀಪ.

ಗೋಡೆ ಎಂದರೆ ನೆನಪಾಯಿತು.
ಆ ಫೆಬ್ರವರಿಯ ನಂತರ
ನಮ್ಮ ಮನೆಗೂ ಒಬ್ಬ ಇಂಜಿನಿಯರ್ ಬಂದಿದ್ದ.
ಪುಟ್ಟ ಸುತ್ತಿಗೆಯಿಂದ ಕಂಬ ತಟ್ಟಿ, ಕಿವಿಗೊಟ್ಟು,
"ಕಾಣುವ ಬಿರುಕು ಗಾರೆಯದು,
ಒಳಗಿನದಕ್ಕೆ ಕೊರೆದೇ ನೋಡಬೇಕು" ಎಂದ.
ಕೊರೆದರು. ಬಳೆಯಗಲದ ತೂತು.
'ಅಲ್ಪ ಹಾನಿ' ಎಂದು ಬರೆದು ಹೋದರು.
ಈಗಲೂ ಅಲ್ಲೇ ಮಲಗುತ್ತೇವೆ,
ಚಪ್ಪಲಿಯ ಮೂತಿ ಬಾಗಿಲ ಕಡೆಗಿಟ್ಟು.

ಈಲಿಯ ಸಂಗತಿ ತಿರುವುಮುರುವು ಉಸ್ತಾ.
ಅದು ಬಿರುಕು ಬಿಡುವುದಿಲ್ಲ,
ಆದ ಗಾಯಕ್ಕೆಲ್ಲ ತಾನೇ ಗಾರೆ ಮೆತ್ತುತ್ತದೆ,
ಮೆತ್ತಿ ಮೆತ್ತಿ, ಒಂದು ದಿನ
ಮನೆಯೇ ಇಲ್ಲ, ಬರೀ ಗಾರೆ.
ಮೆತ್ತುವಾಗ ಉದುರಿದ ಪುಡಿ ರಕ್ತದಲ್ಲಿ ತೇಲುತ್ತದಂತೆ:
ಹೈಯಲುರಾನಿಕ್ ಆಮ್ಲ, ಕೊಲಾಜೆನ್ನಿನ ತುಂಡು ಬಾಲ.
ಅದನ್ನು ಹುಡುಕಲು ನಿಮ್ಮ ಸೀರಮ್
ಮಂಜುಗಡ್ಡೆಯ ಮೇಲೆ ಕೂತು ಅಂಕಾರಾಕ್ಕೆ ಹೋಗಿದೆ.

ಇಂದು ಮತ್ತೆ ಬಂದಿದ್ದರು.
"ಬಂತೇ?"
ಬಂದಿಲ್ಲ.
"ಸೂಜಿ ಚುಚ್ಚಿ ತುಂಡು ತೆಗೆಯುವುದುಂಟಂತೆ?"
ಉಂಟು. ಬೇಡವಾಗಲಿ ಎಂದೇ ಈ ರಕ್ತ.
ತಲೆಯಾಡಿಸಿದರು.
"ತಟ್ಟೆಗೆ ಬೆರಳು ತಟ್ಟಿ ಹೇಳುತ್ತೇನೆ ನಾನು,
ತಳದ ಹಾಳೆ ಬೆಂದಿದೆಯೋ ಹಸಿಯೋ,
ಒಂದನ್ನೂ ಮುರಿಯದೆ. ನಿನ್ನದೂ ಅದೇ ಕಸುಬು."
ಅದೇ. ನಿಮ್ಮಷ್ಟು ಕಿವಿ ನನಗಿಲ್ಲ, ಅಷ್ಟೇ.
"ಎಷ್ಟು ಸಲ ತಪ್ಪಿದ್ದೇನೆ ಕೇಳಲೇ ಇಲ್ಲ ನೀನು."

ನಕ್ಕು, ಮೇಜಿನ ಮೇಲೆ
ದಾರ ಕಟ್ಟಿದ ಪೊಟ್ಟಣ ಇಟ್ಟು ಹೋದರು.
ಪಿಸ್ತಾದ ಹಸಿರು ಕಾಗದಕ್ಕೂ ಇಳಿದಿತ್ತು.
ರಿಜಿಸ್ಟರಿನಲ್ಲಿ 'ಬಾಕಿ' ಎಂದು ಬರೆದೆ.
ನನಗೂ ನಲವತ್ತೇಳು, ಸೊಂಟದ ಪಟ್ಟಿಗೆ ಹೊಸ ತೂತು.
ನನ್ನ ಹೆಸರಿನ ನಳಿಗೆ ಇನ್ನೂ ಖಾಲಿ.
ದಾರ ಬಿಚ್ಚಿ ಒಂದು ತುಂಡು ಕಚ್ಚಿದೆ.
ಚುರುಚುರು ಸದ್ದಾಯಿತು.
ಬಾಯಿ ಆಡಿಸುವುದು ನಿಲ್ಲಿಸಿ
ಕೇಳಿಸಿಕೊಂಡೆ.